ಭಟ್ಟಿ ಆರುವ ಹೊತ್ತಿನ ಬಿಸ್ಕತ್ತು

ಬೆಳಗಿನ ನಾಲ್ಕೂವರೆ. ಬಳ್ಳಾರಿಯ ಕೋಟೆ ಗುಡ್ಡದ ಬುಡದ ಓಣಿಯೊಂದರಲ್ಲಿ ಬೇಕರಿಯ ಹಿಂಬಾಗಿಲು ಅರ್ಧ ತೆರೆದಿದೆ. ಕೊನೆಯ ಬನ್ನಿನ ಟ್ರೇ ಹೊರಬಂದು ಹತ್ತು ನಿಮಿಷವಾಗಿದೆ. ಸುಂಕಲಮ್ಮ ಭಟ್ಟಿಯ ಬಾಯಿಗೆ ಬಗ್ಗಿ, ಒಂದು ಚಿಟಿಕೆ ಜೋಳದ ಹಿಟ್ಟನ್ನು ಒಳಗಿನ ಬಂಡೆಯ ಮೇಲೆ ಚೆಲ್ಲುತ್ತಾರೆ. ಆಮೇಲೆ ಎಣಿಸುತ್ತಾರೆ, ತೆಲುಗಿನಲ್ಲಿ. ಒಕಟಿ, ರೆಂಡು, ಮೂಡು. ಎಂಟು ಮುಟ್ಟುವ ಮೊದಲೇ ಹಿಟ್ಟು ಕರಿಯಾಗುತ್ತದೆ.

“ಇನ್ನಾ ಸಿಟ್ಟಿನಾಗ ಐತ್ರಿ,” ಎಂದು ಹಿಂದೆ ಸರಿದು, ಮಡಚಿದ ಗೋಣಿಚೀಲದ ಮೇಲೆ ಕೂರುತ್ತಾರೆ.

ಅರ್ಧ ಗಂಟೆಗೆ ಮತ್ತೊಂದು ಚಿಟಿಕೆ. ಈ ಸಲ ಹದಿನೈದಕ್ಕೆ ಕರಿ. ಐದೂಕಾಲಿಗೆ ಮೂರನೆಯದು. ಮೂವತ್ತರವರೆಗೆ ಎಣಿಸಿದ ಮೇಲೂ ಹಿಟ್ಟು ಹುರಿದ ಶೇಂಗಾದ ಬಣ್ಣದಲ್ಲೇ ನಿಲ್ಲುತ್ತದೆ. ಸುಂಕಲಮ್ಮ ಎದ್ದು ಸೆರಗು ಸಿಕ್ಕಿಸಿಕೊಳ್ಳುತ್ತಾರೆ. ಹೊರಗೆ ಗೋಡೆಗೆ ಒರಗಿಸಿಟ್ಟ ಆರು ಟ್ರೇಗಳು ಒಂದೊಂದಾಗಿ ಒಳಗೆ ಹೋಗುತ್ತವೆ. ಕಬ್ಬಿಣದ ಮುಚ್ಚಳ ಬೀಳುತ್ತದೆ, ಅದರ ಸಂದಿಗೆ ಒದ್ದೆ ಗೋಣಿ. ಇನ್ನು ನಾಲ್ಕು ಗಂಟೆ ಅದನ್ನು ಯಾರೂ ತೆರೆಯುವಂತಿಲ್ಲ.

ಒಳಗೆ ಇರುವುದು ಒಂಬೈನೂರು ಬಿಸ್ಕತ್ತು. ಜೋಳದ ಹಿಟ್ಟು, ಬೇಯಿಸಿ ಹಿಸುಕಿದ ಕುಂಬಳಕಾಯಿ, ಶೇಂಗಾ ಪುಡಿ, ಸ್ವಲ್ಪ ಅಕ್ಕಿನುಚ್ಚು. ಉಪ್ಪಿಲ್ಲ, ಬೆಲ್ಲವಿಲ್ಲ. ಇವು ನಾಯಿಗಳಿಗೆ.

ಬೇಕರಿಯಲ್ಲಿ ಸುಂಕಲಮ್ಮನ ಕೆಲಸ ಟ್ರೇ ತೊಳೆಯುವುದು. ವಯಸ್ಸು ನಲವತ್ತೇಳು. ಬನ್ನು, ಬ್ರೆಡ್ಡು ಬೆಂದಾದ ಮೇಲೆ ಭಟ್ಟಿಯಲ್ಲಿ ಉಳಿಯುವ ಬಿಸಿಯನ್ನು ಮೂರು ವರ್ಷದಿಂದ ಅವರು ಬಳಸಿಕೊಳ್ಳುತ್ತಿದ್ದಾರೆ. ಅದಕ್ಕೆ ಬೇಕರಿಯ ಯಜಮಾನ ತಿಪ್ಪೇರುದ್ರಪ್ಪನವರ ಒಪ್ಪಿಗೆ ಇತ್ತು. ಈಗ ಇದೆಯೋ ಇಲ್ಲವೋ ತಿಳಿಯದು. ಅಮಾವಾಸ್ಯೆಗೆ ಇನ್ನು ಐದು ದಿನವಿದೆ. ಅಂದು ಭಟ್ಟಿಗೆ ರಜೆ. ಸುಂಕಲಮ್ಮ ಇಲ್ಲಿ ಮುಂದೆಯೂ ಬಿಸ್ಕತ್ತು ಬೇಯಿಸಬಹುದೇ ಎಂಬುದನ್ನು ಅಂದೇ ಹೇಳುವುದಾಗಿ ಯಜಮಾನರು ತಿಳಿಸಿದ್ದಾರೆ.

ಬೇರೆ ಕಡೆ ಬೇಯಿಸಲಾಗದೇ ಎಂದರೆ ಸುಂಕಲಮ್ಮ ತಮ್ಮ ಮನೆಯ ಗ್ಯಾಸ್ ಒಲೆಯ ಕಥೆ ಹೇಳುತ್ತಾರೆ. “ಮ್ಯಾಲ ಸುಟ್ಟು ಹೋಗ್ತೈತಿ, ಒಳಗ ಹಸಿ ಇರ್ತೈತಿ. ಎರಡು ದಿನಕ್ಕ ಬೂಸಲು ಹಿಡೀತೈತಿ. ಗೋಧಿಯಂಗ ಜ್ವಾಳಕ್ಕ ಅಂಟಿಲ್ರಿ, ಅವಸರ ಮಾಡಿದ್ರ ಪುಡಿಪುಡಿ. ಅದಕ್ಕ ಏರೋ ಬೆಂಕಿ ಬ್ಯಾಡ, ಇಳಿಯೋ ಬಿಸಿ ಬೇಕು.” ಅವರ ಬಿಸ್ಕತ್ತು ಬೇಯುವುದಕ್ಕಿಂತ ಹೆಚ್ಚಾಗಿ ಒಣಗುತ್ತದೆ. ಒಣಗಿದ್ದು ಇಪ್ಪತ್ತು ದಿನ ಇಟ್ಟರೂ ಕೆಡುವುದಿಲ್ಲ. ಊರಲ್ಲಿ ಉಳಿದಿರುವ ಇಂಥ ಇಟ್ಟಿಗೆಯ ಭಟ್ಟಿಗಳು ಅವರಿಗೆ ಗೊತ್ತಿದ್ದಂತೆ ಎರಡು. ಎರಡನೆಯದರಲ್ಲಿ ಬೆಳಗ್ಗೆ ಎಂಟರವರೆಗೂ ಬ್ರೆಡ್ಡು ಬೇಯುತ್ತದೆ, ಉಳಿದ ಬಿಸಿಯಲ್ಲಿ ಯಜಮಾನರದೇ ರಸ್ಕು.

ಸುಂಕಲಮ್ಮ ಹುಟ್ಟಿದ್ದು ಸಿರುಗುಪ್ಪದ ಆಚೆ, ಗಡಿಯ ಹಳ್ಳಿಯಲ್ಲಿ. ಮನೆಯಲ್ಲಿ ತಾಯಿ ತೆಲುಗು, ತಂದೆ ಕನ್ನಡ. ಮದುವೆಯಾಗಿ ಬಳ್ಳಾರಿಗೆ ಬಂದ ಮೇಲೆ ಏಳು ವರ್ಷ ಜೀನ್ಸ್ ತೊಳೆಯುವ ಘಟಕದಲ್ಲಿ ದುಡಿದರು. ಹೊಸ ಪ್ಯಾಂಟನ್ನು ಹಳೆಯದರಂತೆ ಮಾಡುವ ಕೆಲಸ ಅದು. ನೀಲಿ ಬಿಡುವವರೆಗೂ ಔಷಧಿ ನೀರಿನಲ್ಲಿ ಉಜ್ಜಬೇಕು. ಪ್ಯಾಂಟಿನ ನೀಲಿಯ ಜೊತೆ ಬೆರಳಿನ ಗೆರೆಗಳೂ ಹೋದವು. ರೇಷನ್ ಅಂಗಡಿಯಲ್ಲಿ ಹೆಬ್ಬೆರಳು ಒತ್ತಿದರೆ ಯಂತ್ರ ಒಪ್ಪುವುದಿಲ್ಲ. ಪ್ರತಿ ತಿಂಗಳೂ ಮಗಳು ಕಾಲೇಜು ಬಿಟ್ಟು ಬಂದು ತನ್ನ ಬೆರಳು ಕೊಡುತ್ತಾಳೆ. “ಏಳು ಸಲ ಒತ್ತಸ್ತಾನ್ರಿ ಅಂವ. ಒರಸ್ಕೊಂಡು ಒತ್ತು, ಎಣ್ಣಿ ಹಚ್ಚಿ ಒತ್ತು. ಹಿಂದ ನಿಂತೋರು ನಗ್ತಾರ. ನಾ ಸುಂಕಲಮ್ಮ ಅಲ್ಲ ಅಂತೈತಿ ಅದು.” ಗಂಡ ಲಾರಿ ಕ್ಲೀನರ್ ಆಗಿದ್ದವರು, ತೀರಿಕೊಂಡು ಒಂಬತ್ತು ವರ್ಷ. ಟ್ರೇ ತೊಳೆದದ್ದರಲ್ಲಿ ಊಟ ನಡೆಯುತ್ತದೆ. ಮಗಳ ನರ್ಸಿಂಗ್ ಓದು ನಡೆಯುವುದು ಬಿಸ್ಕತ್ತಿನಿಂದ.

ಬಿಸ್ಕತ್ತು ಶುರುವಾಗಿದ್ದು ಗುಂಡನ ತುರಿಕೆಯಿಂದ. ಗುಂಡ ಎಂಬುದು ಸರಸ್ವತಿಬಾಯಿಯವರ ಮನೆಯ ಕಂದು ನಾಯಿ. ಟೆಲಿಫೋನ್ ಕಚೇರಿಯಲ್ಲಿ ಗುಮಾಸ್ತೆಯಾಗಿ ನಿವೃತ್ತರಾದ ಸರಸ್ವತಿಬಾಯಿಯವರ ಮನೆಗೆ ಸುಂಕಲಮ್ಮ ಮಧ್ಯಾಹ್ನ ಪಾತ್ರೆ ತೊಳೆಯಲು ಹೋಗುತ್ತಿದ್ದರು, ಈಗಲೂ ಹೋಗುತ್ತಾರೆ. ಗುಂಡನಿಗೆ ದಿನಕ್ಕೆ ಎರಡು ಬನ್ನು ತಿನ್ನುವ ಚಟ. ಮೈಯೆಲ್ಲ ಕೆರೆದುಕೊಂಡು ಹುಣ್ಣಾದಾಗ ಪಶುವೈದ್ಯರು ಮೈದಾ, ಸಕ್ಕರೆ ಎರಡನ್ನೂ ನಿಲ್ಲಿಸಿದರು. ಗುಂಡ ರೊಟ್ಟಿಯನ್ನು ಮೂಸಿಯೂ ನೋಡಲಿಲ್ಲ.

“ನಾಕು ದಿನ ಉಪಾಸ ಕೂತಿತ್ತು ಅದು. ನಾ ಅತ್ತೆ,” ಎನ್ನುತ್ತಾರೆ ಸರಸ್ವತಿಬಾಯಿ. “ಐದನೇ ದಿನ ಈಕಿ ಸೆರಗಿನಾಗ ಏನೋ ಕಟ್ಕೊಂಡು ಬಂದ್ಲು. ಕಟುಮ್ ಅಂತ ಕಡೀತು ನೋಡ್ರಿ. ಆ ಸಪ್ಪಳ ಕೇಳೇ ನನಗ ಜೀವ ಬಂತು.”

ಈ ಮನೆಯಲ್ಲಿ ಏಕಾದಶಿಯಂದು ಅಕ್ಕಿ, ಜೋಳ, ಗೋಧಿ ಯಾವುದನ್ನೂ ಮುಟ್ಟುವುದಿಲ್ಲ. ಹಾಗಾಗಿ ತಿಂಗಳಿಗೆ ಎರಡು ದಿನ ಗುಂಡನ ಪಾಲಿಗೆ ಬರುವುದು ಅದೇ ಭಟ್ಟಿಯಲ್ಲಿ ಒಣಗಿಸಿದ ಗೆಣಸಿನ ಹೋಳು. ನಾಯಿಗೂ ಏಕಾದಶಿಯೇ ಎಂದರೆ ಸರಸ್ವತಿಬಾಯಿಗೆ ಇಷ್ಟವಾಗುವುದಿಲ್ಲ. “ಅದಕ್ಕ ನೇಮ ಇಲ್ಲ. ನೇಮ ಮನಿಗೆ ಐತಿ, ಅದು ಮನ್ಯಾಗ ಐತಿ, ಅಷ್ಟ.”

ಗುಂಡನಿಂದ ಪಕ್ಕದ ಮನೆಗೆ, ಅಲ್ಲಿಂದ ಮತ್ತೊಂದಕ್ಕೆ. ಈಗ ಬಳ್ಳಾರಿಯಲ್ಲಿ ಹನ್ನೊಂದು ಮನೆಗಳಿವೆ. ಸಿರುಗುಪ್ಪದಲ್ಲಿ ಎರಡು ಅಕ್ಕಿ ಗಿರಣಿಗಳ ಕಾವಲು ನಾಯಿಗಳಿಗೆ ವಾರಕ್ಕೊಂದು ಚೀಲ ಬಸ್ಸಿನಲ್ಲಿ ಹೋಗುತ್ತದೆ. ಮರಳುವ ಬಸ್ಸಿನಲ್ಲಿ ಅದೇ ಚೀಲ ತುಂಬ ನುಚ್ಚು ಬರುತ್ತದೆ. ಎಲ್ಲಕ್ಕಿಂತ ದೊಡ್ಡ ಗಿರಾಕಿ ಹಲಕುಂದಿಯ ಅಕ್ಷೋಭ್ಯ. ಊರಿಗೆ ಹೋಗುವವರು ತಮ್ಮ ನಾಯಿಗಳನ್ನು ಬಿಟ್ಟುಹೋಗಲೆಂದು ಈ ಯುವಕ ಅಲ್ಲಿ ಒಂದು ಶೆಡ್ಡು ಹಾಕಿದ್ದಾನೆ. ಸದ್ಯ ಹದಿನಾಲ್ಕು ನಾಯಿಗಳಿವೆ.

ಎಲುಬಿನ ಅಚ್ಚು ತಂದಿದ್ದು ಈ ಅಕ್ಷೋಭ್ಯನೇ. ಮೂರು ವರ್ಷದ ಹಿಂದೆ ಆನ್‌ಲೈನಿನಲ್ಲಿ ತರಿಸಿ, ನಾಯಿ ಬಿಸ್ಕತ್ತು ಎಲ್ಲ ಕಡೆ ಹೀಗೇ ಇರುತ್ತದೆ ಎಂದು ಕೊಟ್ಟಿದ್ದ. ತಿಪ್ಪೇರುದ್ರಪ್ಪನವರು ಅದನ್ನು ಅಂಗೈಯಲ್ಲಿಟ್ಟು ತಿರುಗಿಸಿ ನೋಡಿದರು. ಎಪ್ಪತ್ತೊಂದರ ಅವರು ದಿನಾ ಸ್ನಾನ, ಲಿಂಗಪೂಜೆ ಮುಗಿಸಿಯೇ ಹಣದ ಗಲ್ಲೆಗೆ ಕೂರುವವರು. ಅವರ ತಂದೆ ಕಟ್ಟಿಸಿದ ಈ ಭಟ್ಟಿಯೊಳಗೆ ಇದುವರೆಗೆ ಮೊಟ್ಟೆ ಕೂಡ ಹೋಗಿಲ್ಲ. ಅಂದಿನ ಮಾತನ್ನು ಭಟ್ಟಿ ನೋಡಿಕೊಳ್ಳುವ ಮೈಲಾರಪ್ಪ ಯಜಮಾನರು, ಸುಂಕಲಮ್ಮ ಇಬ್ಬರ ದನಿಯಲ್ಲೂ ಹೇಳಿ ತೋರಿಸುತ್ತಾರೆ.

“ಇದು ಎಲುಬಲ್ಲೇನು?”

“ಹಿಟ್ಟಿಂದ್ರೀ ಸಾವ್ಕಾರ್ರ.”

“ಹಿಟ್ಟಿಂದಾದ್ರೂ ಎಲುಬು ಎಲುಬ. ನಮ್ಮ ಭಟ್ಟ್ಯಾಗ ಬ್ಯಾಡ.”

ಸುಂಕಲಮ್ಮ ವಾದ ಮಾಡಲಿಲ್ಲ. “ನಮ್ಮ ಮನ್ಯಾಗ ನಾವು ಖಂಡ ತಿಂತೀವ್ರಿ. ಆದ್ರ ಭಟ್ಟಿ ಅವರದು.” ಅಚ್ಚು ಅಕ್ಷೋಭ್ಯನಿಗೆ ವಾಪಸ್ಸಾಯಿತು. ಬೇಕರಿಯಲ್ಲಿದ್ದ ಸ್ಟೀಲ್ ಲೋಟದ ಬಾಯಿಂದಲೇ ಅವರು ಬಿಸ್ಕತ್ತು ಕತ್ತರಿಸತೊಡಗಿದರು. ಗುಂಡನೆಯ, ಕಂದು ಬಣ್ಣದ ಬಿಲ್ಲೆಗಳು. ಆಗ ಮೈಲಾರಪ್ಪ ಅಂದಿದ್ದರಂತೆ: “ನೋಡ್ತಿರವ್ವಾ, ಇವತ್ತು ಎಲುಬು ಬಿಡಿಸ್ಯಾರ. ನಾಳೆ ನಾಯಿ ಹಣಿಗೆ ವಿಭೂತಿನೂ ಹಚ್ಚತಾರ ನಮ್ಮ ಸಾವ್ಕಾರ್ರು.”

ಅದೇ ಲೋಟದಿಂದ ಬೇಕರಿಯಲ್ಲಿ ಇನ್ನೊಂದು ಬಿಸ್ಕತ್ತನ್ನೂ ಕತ್ತರಿಸುತ್ತಾರೆ. ಜೋಳದ ಹಿಟ್ಟಿಗೆ ಉಪ್ಪು, ಅಜವಾನ ಹಾಕಿ ಮಾಡುವ ಇದನ್ನು ಸಕ್ಕರೆ ಕಾಯಿಲೆಯವರು ಕೇಳಿ ಒಯ್ಯುತ್ತಾರೆ. ಅಂಗಡಿಗಳಲ್ಲಿ ಇದರ ಹೆಸರು ಶುಗರ್ ಬಿಸ್ಕತ್ತು. ಅದೂ ಗುಂಡಗೆ, ಅದೂ ಕಂದು.

ಹೋದ ಹುಣ್ಣಿಮೆಗೆ ಮೈಲಾರಪ್ಪ ತಮ್ಮ ಮನೆದೇವರ ಕ್ಷೇತ್ರ ಮೈಲಾರಕ್ಕೆ ಹೋಗಿದ್ದರು. ಡಬ್ಬಿ ತುಂಬುವ ಕೆಲಸ ಆ ದಿನ ಸುಂಕಲಮ್ಮನ ಪಾಲಿಗೆ ಬಂತು. ಎರಡು ಚೌಕ ಡಬ್ಬಿ: ಶುಗರ್ ಬಿಸ್ಕತ್ತಿನದು ಕುರುಗೋಡಿನ ಅಂಗಡಿಗೆ, ನಾಯಿ ಬಿಸ್ಕತ್ತಿನದು ಹಲಕುಂದಿಗೆ. ಆರು ಗಂಟೆಯ ಆಟೋ ಹಾರ್ನು ಹೊಡೆಯುತ್ತಿತ್ತು. ಎರಡನ್ನೂ ಅವರೇ ತುಂಬಿ, ಅವರೇ ಎತ್ತಿ ಕೊಟ್ಟರು.

ಮರುದಿನ ಸಂಜೆ ಅಕ್ಷೋಭ್ಯನ ಫೋನು. “ಅಕ್ಕಾ, ಏನ್ ಮಾಡೀರಿ ಈ ಸಲ? ಹದಿನಾಲ್ಕರಾಗ ಒಂದೂ ಮುಟ್ಟವಲ್ಲದು. ಮೂಸ್ತಾವು, ನನ್ನ ಮಾರಿ ನೋಡ್ತಾವು.”

ಒಂದನ್ನು ಮುರಿದು ವಾಸನೆ ನೋಡಲು ಸುಂಕಲಮ್ಮ ಹೇಳಿದರು. ಅಜವಾನ, ಎಂದ ಅಕ್ಷೋಭ್ಯ.

ಕುರುಗೋಡಿನ ಬಸ್ ನಿಲ್ದಾಣದ ಎದುರು ಚಹಾ ಅಂಗಡಿ ಇಟ್ಟಿರುವ ಗವಿಸಿದ್ದೇಶ್ ಅಷ್ಟರಲ್ಲಿ ಮುಕ್ಕಾಲು ಡಬ್ಬಿ ಮಾರಿದ್ದರು. “ಒಬ್ಬರೂ ಏನೂ ಅನ್ನಲಿಲ್ರಿ,” ಎಂದು ಈಗ ಅವರು ಹೇಳುತ್ತಾರೆ, ಅರ್ಧ ಸಿಟ್ಟು, ಅರ್ಧ ಆಶ್ಚರ್ಯ. “ಉಪ್ಪು ಕಮ್ಮಿ ಅಂದ್ರು. ಶುಗರ್‌ನವರದು ಹಂಗ ಇರ್ತೈತ್ರಿ ಅಂದೆ. ಸ್ವಲ್ಪ ಗಟ್ಟಿ ಅದಾವು ಅಂದ್ರು. ಚಹಾದಾಗ ಅದ್ದ್ರಿ ಅಂದೆ. ಒಬ್ರು ಮೇಷ್ಟ್ರು ಪಾವ್ ಕಿಲೋ ಕಟ್ಟಿಸ್ಕೊಂಡು ಹೋದ್ರು. ನಾನ ಬೇಕರಿಗೆ ಫೋನ್ ಮಾಡಿ ಇಂಥಾವ ಇನ್ನೆರಡು ಡಬ್ಬಿ ಕಳಸ್ರಿ ಅಂತ ಹೇಳಿದ್ದೆ.”

ಸುಂಕಲಮ್ಮ ಸುಮ್ಮನಿದ್ದಿದ್ದರೆ ಸಂಗತಿ ಅಲ್ಲಿಗೇ ಮುಗಿಯುತ್ತಿತ್ತು. ಯಾರಿಗೂ ಹೊಟ್ಟೆ ಕೆಟ್ಟಿರಲಿಲ್ಲ. ಅಕ್ಷೋಭ್ಯನೂ ಯಾರಿಗೂ ಹೇಳುವವನಲ್ಲ. ಮರುದಿನ ನಸುಕಿನಲ್ಲಿ ಅವರು ಯಜಮಾನರ ಮುಂದೆ ನಿಂತು ಎಲ್ಲವನ್ನೂ ಹೇಳಿದರು. ಯಾಕೆ ಎಂಬ ಪ್ರಶ್ನೆಗೆ ಅವರ ಉತ್ತರದಲ್ಲಿ ದೊಡ್ಡ ಮಾತೇನಿಲ್ಲ. “ಇಂಥಾವ ಇನ್ನೆರಡು ಡಬ್ಬಿ ಅಂದ್ರಲ್ರಿ. ಯಾವು ಕಳಸಬೇಕು? ಶುಗರ್‌ನವು ಕಳಿಸಿದ್ರ ಇವು ಅಲ್ಲ ಅಂತಾರ. ನಾಯಿವು ಕಳಿಸಿದ್ರ ತಿಳಿದು ತಿಳಿದು ಕಳಿಸಿದಂಗ. ಒಂದ್ ಸಲ ತಪ್ಪಾದ್ರ ತಪ್ಪು. ಎರಡನೇ ಸಲ ಅದಕ್ಕ ಬ್ಯಾರೆ ಹೆಸರೈತ್ರಿ.”

ಯಜಮಾನರು ಆಗಲೇ ಕುರುಗೋಡಿಗೆ ಫೋನ್ ಮಾಡಿದರು. ಮಧ್ಯಾಹ್ನದೊಳಗೆ ಸುದ್ದಿ ಬಸ್ ನಿಲ್ದಾಣದ ತುಂಬ. ಗವಿಸಿದ್ದೇಶನ ಅಂಗಡಿಯ ಮುಂದೆ ಹಾದುಹೋಗುವವರು ಬೊಗಳಿ ತೋರಿಸತೊಡಗಿದರು. ಪಾವ್ ಕಿಲೋ ಒಯ್ದ ಮೇಷ್ಟ್ರು ಆ ರಸ್ತೆಯನ್ನೇ ಬಿಟ್ಟರು. ಕುರುಗೋಡಿನ ಇನ್ನೂ ಮೂರು ಅಂಗಡಿಗಳು, ಬಾದನಹಟ್ಟಿಯ ಒಂದು, ಈ ಬೇಕರಿಯ ಬ್ರೆಡ್ಡನ್ನೂ ಬೇಡವೆಂದವು. ನಾಲ್ಕು ಊರಿಗೆ ಹೋಗುತ್ತಿದ್ದ ಬೆಳಗಿನ ಆಟೋ ಈಗ ಅರ್ಧ ಖಾಲಿ ಹೋಗುತ್ತದೆ.

ತಿಪ್ಪೇರುದ್ರಪ್ಪನವರು ಇದನ್ನು ಸುಂಕಲಮ್ಮನ ಮೇಲೆ ಹೇರಿ ಮಾತಾಡುವುದಿಲ್ಲ, ಹಗುರ ಮಾಡಿಯೂ ಮಾತಾಡುವುದಿಲ್ಲ. “ಜ್ವಾಳ, ಕುಂಬಳಕಾಯಿ. ನಾನೂ ತಿಂದು ನೋಡೀನಿ. ಆದ್ರ ನಾಯಿದು ಅಂದ ಮ್ಯಾಲ ಮಂದಿ ಮನಸು ಬ್ಯಾರೇನ. ಈ ಭಟ್ಟಿ ನಂಬಿ ಒಂಬತ್ತು ಮಂದಿ ಅದಾರ್ರಿ. ಆಕಿ ಒಬ್ಬಾಕಿನ್ನ ನೋಡ್ಲೋ, ಎಂಟು ಮಂದಿನ್ನ ನೋಡ್ಲೋ?” ಗಲ್ಲೆಯ ಮೇಲಿನ ಬಟ್ಟೆಯನ್ನು ನೇರ ಮಾಡುತ್ತಾರೆ. “ಆಕಿ ಹೇಳದ ಇದ್ದಿದ್ರ ಭಾಳ ಚಲೋ ಇತ್ತು ಅಂತ ಒಮ್ಮೊಮ್ಮೆ ಅನಸ್ತೈತಿ. ಹಂಗ ಅನಸಿದ್ದಕ್ಕ ನಾಚಿಕಿನೂ ಆಗ್ತೈತಿ.”

ಗದ್ದಲದ ಎರಡನೆಯ ದಿನದಿಂದಲೇ ಸುಂಕಲಮ್ಮ ಒಂದು ಹೊಸ ಕೆಲಸ ಹಚ್ಚಿಕೊಂಡಿದ್ದಾರೆ. ಕತ್ತರಿಸಿದ ಪ್ರತಿ ಬಿಲ್ಲೆಯ ನಡುವೆ ಹೆಬ್ಬೆರಳನ್ನು ಆಳವಾಗಿ ಒತ್ತುತ್ತಾರೆ. ಬೆಂದ ಮೇಲೂ ಆ ಕುಳಿ ಹಾಗೇ ಉಳಿಯುತ್ತದೆ. ಕಣ್ಣು ಮುಚ್ಚಿ ಮುಟ್ಟಿದರೂ ಇದು ಯಾವುದು ಎಂದು ಗೊತ್ತಾಗಬೇಕು ಎಂಬುದು ಲೆಕ್ಕ. ದಿನಕ್ಕೆ ಒಂಬೈನೂರು ಸಲ. ಮೂರನೆಯ ದಿನಕ್ಕೆ ಮಣಿಕಟ್ಟು ಬಾತಿತ್ತು. ಬಟ್ಟೆ ಸುತ್ತಿಕೊಂಡು ಒತ್ತಿದರು. ಇದನ್ನು ಮಾಡಲು ಯಾರೂ ಹೇಳಿರಲಿಲ್ಲ. ಮಾಡಿದ್ದರಿಂದ ಭಟ್ಟಿ ಉಳಿಯುತ್ತದೆ ಎಂದೂ ಯಾರೂ ಹೇಳಿಲ್ಲ.

ಅಮಾವಾಸ್ಯೆಯ ಹಿಂದಿನ ಬೆಳಿಗ್ಗೆ ಗವಿಸಿದ್ದೇಶ್ ಬೈಕಿನಲ್ಲಿ ಬರುತ್ತಾರೆ. ಭಟ್ಟಿ ತೆರೆಯುವ ಹೊತ್ತು. ಮೈಲಾರಪ್ಪ ಉದ್ದ ಹಿಡಿಕೆಯ ಹಲಗೆಯಿಂದ ಸುಂಕಲಮ್ಮನ ಟ್ರೇಗಳನ್ನು ಹೊರಗೆಳೆಯುತ್ತಿದ್ದಾರೆ. ತಿಪ್ಪೇರುದ್ರಪ್ಪನವರು ಗಲ್ಲೆ ಬಿಟ್ಟು ಹಿಂದಕ್ಕೆ ಬಂದು ನಿಲ್ಲುತ್ತಾರೆ.

ಗವಿಸಿದ್ದೇಶ್ ಒಂದು ಬಿಸ್ಕತ್ತು ಎತ್ತಿ ಕುಳಿಯನ್ನು ನೋಡುತ್ತಾರೆ. “ಇದು ಅಳಿಸಿ ಹೋದ್ರ?”

“ಬೆಂದ ಮ್ಯಾಲ ಹೆಂಗ ಅಳಸ್ತೈತಿ ತಮ್ಮಾ?” ಎನ್ನುತ್ತಾರೆ ಸುಂಕಲಮ್ಮ.

“ಮಂದಿಗೆ ಹೆಂಗ ಗೊತ್ತಾಗಬೇಕು?”

“ಕುಳಿ ಇದ್ದದ್ದು ನಾಯಿದು, ಸಪಾಟು ಇದ್ದದ್ದು ಮಂದಿದು. ಒಂದ್ ಸಲ ಹೇಳು, ಸಾಕು. ಈಗ ಕುರುಗೋಡಿನಾಗ ಇದನ್ನ ತಿಳೀದೋರು ಯಾರದಾರ?”

ಮೈಲಾರಪ್ಪ ಹಲಗೆ ಊರಿ ನಿಲ್ಲುತ್ತಾರೆ. “ತಮ್ಮಾ, ಬೇಕಾದ್ರ ತಿಂದು ನೋಡು.”

“ತಿಂದೀನಿ ಬಿಡಣ್ಣಾ,” ಎನ್ನುತ್ತಾರೆ ಗವಿಸಿದ್ದೇಶ್. “ಮೊದಲನೇ ದಿನಾನ ನಾಕು ತಿಂದೀನಿ.”

ಮೊದಲು ನಗುವುದು ಸುಂಕಲಮ್ಮ. ಆಮೇಲೆ ಗವಿಸಿದ್ದೇಶ್ ಕೂಡ. ತಿಪ್ಪೇರುದ್ರಪ್ಪನವರು ನಗುವುದಿಲ್ಲ. ನಗು ನಿಂತ ಮೇಲೆ ಮೈಲಾರಪ್ಪ, ಟ್ರೇಯ ಕಡೆಗೇ ನೋಡುತ್ತ, ಇಷ್ಟು ದಿನ ಅಲ್ಲಿ ಯಾರೂ ಆಡದಿದ್ದ ಮಾತನ್ನು ಆಡುತ್ತಾರೆ. “ಎಲುಬಿನಂಗ ಇದ್ದಿದ್ರ ಇವ್ನ ಯಾರರ ತಿಂತಿದ್ರೇನ್ರಿ, ಸಾವ್ಕಾರ್ರ?”

ಬೈಕ್ ಹತ್ತುವ ಮೊದಲು ಗವಿಸಿದ್ದೇಶ್ ಯಜಮಾನರಿಗೆ, ಸೋಮವಾರದಿಂದ ಬ್ರೆಡ್ಡು, ಬನ್ನು ಕಳಿಸಿ, ಶುಗರ್ ಬಿಸ್ಕತ್ತು ಈಗಲೇ ಬೇಡ ಎನ್ನುತ್ತಾರೆ. ಉಳಿದ ಅಂಗಡಿಗಳ ಮಾತು ತಮ್ಮ ಕೈಯಲ್ಲಿಲ್ಲ ಎಂದೂ ಸೇರಿಸುತ್ತಾರೆ. ತಿಪ್ಪೇರುದ್ರಪ್ಪನವರು ಸುಂಕಲಮ್ಮನ ಕಡೆ ತಿರುಗುತ್ತಾರೆ. “ನಾಳೆ ಅಮಾಸಿ. ಭಟ್ಟಿ ಪೂರಾ ತಣ್ಣಗಾಗಲಿ. ಹೇಳ್ತೀನಿ.”

ಅಮಾವಾಸ್ಯೆಯ ದಿನ ಭಟ್ಟಿಯ ಬಾಯಿ ಕಪ್ಪಗೆ, ತಣ್ಣಗೆ ತೆರೆದಿದೆ. ಮೈಲಾರಪ್ಪ ಒಳಗಿನ ಬೂದಿಯನ್ನೆಲ್ಲ ಗುಡಿಸಿದ್ದಾರೆ. ಬೇಕರಿಯ ನಲವತ್ತು ಟ್ರೇಗಳನ್ನು ಸುಂಕಲಮ್ಮ ಹುಣಸೆಹಣ್ಣು ಹಚ್ಚಿ ತಿಕ್ಕಿ, ಭಟ್ಟಿಯ ಎರಡೂ ಬದಿಗೆ ಸಾಲಾಗಿ ನಿಲ್ಲಿಸಿದ್ದಾರೆ. ತಮ್ಮ ಆರನ್ನೂ ತಿಕ್ಕಿದ್ದಾರೆ. ಅವು ಎಂದಿನಂತೆ ಹೊರಗೆ, ಗೋಡೆಗೆ ಒರಗಿವೆ. ಮೂರು ವರ್ಷದಲ್ಲಿ ಒಂದು ಅಮಾವಾಸ್ಯೆಗೂ ಅವು ಒಳಗೆ ಬಂದಿಲ್ಲ.

ತಿಪ್ಪೇರುದ್ರಪ್ಪನವರು ನೀರಿನಲ್ಲಿ ವಿಭೂತಿ ನೆನೆಸಿ, ಮೊದಲು ಭಟ್ಟಿಯ ನೆತ್ತಿಗೆ ಮೂರು ಬೆರಳು ಎಳೆಯುತ್ತಾರೆ. ಆಮೇಲೆ ಮುಚ್ಚಳಕ್ಕೆ, ಹಲಗೆಗೆ, ಹಿಟ್ಟು ನಾದುವ ತೊಟ್ಟಿಗೆ. ಆಮೇಲೆ ಟ್ರೇಗಳು. ಪ್ರತಿಯೊಂದಕ್ಕೂ ಮೂರು ಬಿಳಿ ಗೆರೆ. ಅವಸರವಿಲ್ಲ. ಸುಂಕಲಮ್ಮ ಬಾಗಿಲ ಚೌಕಟ್ಟಿಗೆ ಒರಗಿ, ಬಟ್ಟೆ ಸುತ್ತಿದ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದು ನಿಂತಿದ್ದಾರೆ. ನಲವತ್ತನೆಯದು ಮುಗಿಯುತ್ತದೆ. ಯಜಮಾನರು ಬಟ್ಟಲಿನೊಳಗೆ ನೋಡುತ್ತಾರೆ. ಇನ್ನೂ ವಿಭೂತಿ ಉಳಿದಿದೆ.

“ಅವನ್ನೂ ತಗೊಂಬಾ,” ಎನ್ನುತ್ತಾರೆ.

ಸುಂಕಲಮ್ಮ ಅಲ್ಲಾಡುವುದಿಲ್ಲ. ಟ್ರೇ ತರುವುದು ಮೈಲಾರಪ್ಪ, ಎರಡು ಸಲಕ್ಕೆ, ಮೂರು ಮೂರು. ತಿಪ್ಪೇರುದ್ರಪ್ಪನವರು ಮತ್ತೆ ಬಗ್ಗುತ್ತಾರೆ. ಆರಕ್ಕೂ ಮೂರು ಗೆರೆ. ನಂತರ ಬಟ್ಟಲನ್ನು ಮೈಲಾರಪ್ಪನ ಕೈಗೆ ಕೊಟ್ಟು, ತೆಂಗಿನಕಾಯಿ ಎಲ್ಲಿ ಎಂದು ಕೇಳುತ್ತಾರೆ.

ಕಾಯಿ ಒಡೆದಾದ ಮೇಲೆ ಮೈಲಾರಪ್ಪ ಸುಂಕಲಮ್ಮನ ಹತ್ತಿರ ಬಂದು ಮೆಲ್ಲಗೆ ಹೇಳುತ್ತಾರೆ: “ಈಗರ ಎಲುಬಿನ ಅಚ್ಚು ಕೇಳಿಬಿಡವ್ವಾ. ಇವತ್ತು ಇಲ್ಲ ಅನ್ನಂಗಿಲ್ಲ. ನಿನ್ನ ಕೈನೂ ಉಳೀತೈತಿ.”

ಸುಂಕಲಮ್ಮ ಬಟ್ಟೆ ಬಿಚ್ಚಿ ಮಣಿಕಟ್ಟನ್ನು ತಿರುಗಿಸಿ ನೋಡಿಕೊಳ್ಳುತ್ತಾರೆ. ಹೆಬ್ಬೆರಳು ನುಣ್ಣಗಿದೆ, ತೊಳೆದ ಬಟಾಣಿಯಂತೆ.

“ಬ್ಯಾಡಣ್ಣಾ, ಇದ ಇರ್ಲಿ,” ಎನ್ನುತ್ತಾರೆ. “ರೇಷನ್ ಅಂಗಡ್ಯಾಗ ಮಷೀನಿಗೆ ಈ ಬೆರಳು ಯಾರದು ಅಂತ ಗೊತ್ತಾಗವಲ್ಲದು. ಹಲಕುಂದ್ಯಾಗ ಹದಿನಾಲ್ಕು ನಾಯಿಗೆ ಗೊತ್ತೈತಿ.”